ಅರ್ಧ ಇಂಚಿನ ಗನ್ನು, ಭಾನುವಾರದ ಓದು

1918ರ ಅಕ್ಟೋಬರ್ 15ರಂದು ಅಮೆರಿಕದಲ್ಲಿ ಅರ್ಧ ಇಂಚು ದಪ್ಪದ ಗುಂಡು ಹಾರಿಸುವ ಭಾರೀ ಮಷಿನ್ ಗನ್ನಿನ ಮೊದಲ ಪರೀಕ್ಷೆ ನಡೆಯಿತು. ಗನ್ನು ನಿರೀಕ್ಷಿಸಿದಷ್ಟು ವೇಗ ತೋರಿಸಲಿಲ್ಲ, ಕೈಗೂ ಬಗ್ಗಲಿಲ್ಲ. ನಾಲ್ಕು ವಾರದೊಳಗೆ ಮೊದಲನೇ ಮಹಾಯುದ್ಧ ಮುಗಿಯಿತು.

ನಾನು ಬರೆಯುತ್ತಿರುವ ಪುಸ್ತಕ ಈ ಮೂರು ವಾಕ್ಯಗಳಿಂದ ಶುರುವಾಗುತ್ತದೆ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ವಿಮಾನಕ್ಕೆ ಗುರಿಯಿಡುವ ಭಾರೀ ಮಷಿನ್ ಗನ್ನುಗಳು ಹೇಗೆ ಬೆಳೆದವು ಎಂಬುದು ಅದರ ವಿಷಯ. ಬೆಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ರಕ್ಷಣಾ ಸುದ್ದಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೇರೆ ಯಾರಿಗೂ ಅದು ಬೇಡವಾಗಿತ್ತು. ಗಂಡನ ವೀಸಾ ಹಿಡಿದು ಅಡಿಲೇಡಿಗೆ ಬಂದ ಮೇಲೆ ಕೆಲಸ ಹೋಯಿತು, ವಿಷಯ ಉಳಿಯಿತು. ಗಂಡ ಊರಂಚಿನ ಸ್ಯಾಲಿಸ್‌ಬರಿಯ ಒಂದು ರಕ್ಷಣಾ ಕಂಪನಿಯಲ್ಲಿ ಎಂಜಿನಿಯರ್. ಆಫೀಸಿನ ವಿಷಯ ಮನೆಯಲ್ಲಿ ಮಾತಾಡುವಂತಿಲ್ಲ. ಹಾಗಾಗಿ ಮಾಸನ್ ಲೇಕ್ಸ್‌ನ ನಮ್ಮ ಮನೆಯಲ್ಲಿ ಗನ್ನಿನ ಬಗ್ಗೆ ಮಾತಾಡುತ್ತಿದ್ದವಳು ನಾನೊಬ್ಬಳೇ. ಕೇಳಿಸಿಕೊಳ್ಳುತ್ತಿದ್ದವಳು ಮಗಳು ಎಂದು ಬಹಳ ಕಾಲ ನಂಬಿದ್ದೆ.

ಮಗಳು ಹುಟ್ಟಿದ್ದು ಅಡಿಲೇಡಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಸಿಟ್ಟೋ ಖುಷಿಯೋ ಅಕ್ಕರೆಯೋ ಉಕ್ಕಿದಾಗ ಮಾತ್ರ ಕನ್ನಡ ಆಡುತ್ತಾಳೆ. ಅಕ್ಷರ ಓದಲು ಬರುವುದಿಲ್ಲ. ಬ್ರಿಸ್ಬೇನಿನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಲು ಹೋದಳು. ಸಂಶೋಧನೆಗೆ ವಿಷಯ ಆರಿಸಿಕೊಳ್ಳುವಾಗ, ಯುದ್ಧಗಳ ನಡುವಿನ ವಿಮಾನ ನಿರೋಧಕ ಗನ್ನುಗಳನ್ನೇ ಹಿಡಿದುಕೊಂಡಳು. ಫೋನಿನಲ್ಲಿ ಅದನ್ನು ಹೇಳಿದ ದಿನ ನಾನು ಪಾಯಸ ಮಾಡಿದೆ. ತಾಯಿಯ ವಿಷಯ ಮಗಳಿಗೆ ಬಂತು ಎಂದುಕೊಂಡೆ.

ಒಂದು ವಾರ ಬಿಟ್ಟು ಗಂಡ ಹೇಳಿದರು: "ಅವಳಿಗೆ ಐಡಿಯಾ ಕೊಟ್ಟಿದ್ದು ಪರ್ತ್ ಅಂಕಲ್ ಅಂತೆ ಕಣೇ."

ಪರ್ತ್ ಅಂಕಲ್ ಎಂದರೆ ನಮ್ಮ ಸಂಬಂಧಿಕರಲ್ಲ. ಮೈಸೂರಿನವರು, ಮೆಕ್ಯಾನಿಕಲ್ ಎಂಜಿನಿಯರ್. ಪರ್ತಿನಲ್ಲಿ ನೆಲೆಸಿ, ಗಣಿ ಕಂಪನಿಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಂಡು ನಿವೃತ್ತರಾದವರು. ನನ್ನ ಗಂಡನಿಗೆ ಕಾಲೇಜಿನಲ್ಲಿ ಸೀನಿಯರ್. ನನ್ನ ಅಧ್ಯಾಯಗಳನ್ನು ಬರೆದಂತೆಲ್ಲ ಕೆಲವು ಕನ್ನಡ ಓದುಗರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಅವರೂ ಅದರಲ್ಲಿ ಒಬ್ಬರು. ಪ್ರತಿಸಲವೂ ಉತ್ತರ ಒಂದೇ: "ಚೆನ್ನಾಗಿದೆ ಮೇಡಂ." ಒಂದು ಪ್ರಶ್ನೆ ಇಲ್ಲ, ಒಂದು ತಿದ್ದುಪಡಿ ಇಲ್ಲ. ಅವರು ತೆರೆದು ನೋಡುವುದೇ ಇಲ್ಲ ಎಂದು ತೀರ್ಮಾನಿಸಿದ್ದೆ.

ಹೊಟ್ಟೆಕಿಚ್ಚು ಎಂಬ ಪದ ವರದಿಯಲ್ಲಿ ಬಂದರೆ ಡೆಸ್ಕಿನಲ್ಲಿ ನಾವು ಅದನ್ನು ಹೊಡೆದು 'ಅಸಮಾಧಾನ' ಎಂದು ಹಾಕುತ್ತಿದ್ದೆವು. ಇಲ್ಲಿ ಹಾಗೇ ಬಿಡುತ್ತೇನೆ. ಅದು ಶುರುವಾದದ್ದು ಪರ್ತಿನಲ್ಲಿ, ಅವರ ಮನೆಯ ಹಿತ್ತಲಿನಲ್ಲಿ.

ಹಿಂದಿನ ಬೇಸಿಗೆಯಲ್ಲಿ ನಾವು ಮೂವರೂ ಅವರ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಬಾರ್ಬಿಯ, ಅಂದರೆ ಬಾರ್ಬೆಕ್ಯೂ ಒಲೆಯ, ಮೇಲೆ ಪನೀರು, ಜೋಳ ಸುಡುತ್ತಿದ್ದವು. ಊಟಕ್ಕೆ ಮುಂಚೆ ನಾನು ಮಗಳಿಗೆ, ಹಾರುವ ವಿಮಾನಕ್ಕೆ ಗುರಿಯಿಡುವುದು ಯಾಕೆ ಕಷ್ಟ ಎಂಬುದನ್ನು ವಿವರಿಸುತ್ತಿದ್ದೆ. ಗುಂಡು ಮುಕ್ಕಾಲು ಕಿಲೋಮೀಟರ್ ದಾಟುವುದಕ್ಕೆ ಸುಮಾರು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ ಇದ್ದಲ್ಲಿರುವುದಿಲ್ಲ. ಆದ್ದರಿಂದ ವಿಮಾನ ಇರುವ ಜಾಗಕ್ಕಲ್ಲ, ಅದು ಬರಲಿರುವ ಜಾಗಕ್ಕೆ ಹೊಡೆಯಬೇಕು. ದಾರಿ ತೋರಿಸಲೆಂದು ಹೊಳೆಯುವ ಟ್ರೇಸರ್ ಗುಂಡುಗಳನ್ನು ಮಧ್ಯೆ ಮಧ್ಯೆ ಸೇರಿಸುತ್ತಿದ್ದರು. ಆದರೆ ಗನ್ನಿನ ಹಿಂದೆ ನಿಂತವನ ಕಣ್ಣಿಗೆ ಆ ಬೆಳಕು ವಿಮಾನಕ್ಕೆ ತಗುಲಿದಂತೆಯೇ ಕಾಣುತ್ತಿತ್ತು. ನಿಜದಲ್ಲಿ ಗುಂಡು ವಿಮಾನದ ಹಿಂದಿನಿಂದ ಹಾದುಹೋಗುತ್ತಿತ್ತು. ಇದನ್ನು ನಾನು ಸರಳವಾಗಿ, ಕ್ರಮವಾಗಿ ಹೇಳಿದೆ. ಮಗಳು ಫೋನ್ ನೋಡುತ್ತಿದ್ದಳು.

ಅಂಕಲ್ ಎದ್ದರು. ಗಿಡಕ್ಕೆ ನೀರು ಹಾಕುವ ಹೋಸ್ ತೆಗೆದುಕೊಂಡರು. ಅವರದೊಂದು ನಾಯಿ, ಕುರಿ ಕಾಯುವ ಜಾತಿಯದು, ಒಂದು ಕ್ಷಣ ಸುಮ್ಮನಿರದು. ಚೆಂಡನ್ನು ಬೇಲಿಯ ಆ ತುದಿಗೆ ಎಸೆದು, ನಾಯಿ ಓಡುತ್ತಿದ್ದಂತೆ ಅದರ ಮೇಲೆ ನೀರು ಹಾರಿಸಿದರು.

"ಬಾಮ್ಮ ಈ ಕಡೆ, ಪಕ್ಕದಲ್ಲಿ ನಿಂತ್ಕೊ. ನನ್ನ ಕಣ್ಣಿಗೆ ನೀರು ಅದರ ಮೈಮೇಲೇ ಬೀಳ್ತಿದೆ. ನಿನ್ನ ಕಣ್ಣಿಗೆ?"

"ಬಿಹೈಂಡ್, ಅಂಕಲ್! ಮೈಲ್ಸ್ ಬಿಹೈಂಡ್!"

"ಹಂಗಾದ್ರೆ ನೀನೇ ಹಿಡ್ಕೊ."

ಮಗಳು ಹೋಸ್ ಹಿಡಿದಳು. ನಾಯಿಗೆ ನೀರು ತಾಗಲಿಲ್ಲ. ಬೇಲಿಗೆ ತಾಗಿತು, ನನ್ನ ಗಂಡನ ಅಂಗಿಗೆ ತಾಗಿತು, ಬಾರ್ಬಿಯ ಮೇಲಿದ್ದ ಜೋಳಕ್ಕೂ ತಾಗಿತು. ಕೊನೆಗೆ ನಾಯಿಗಿಂತ ಮುಂದಕ್ಕೆ ಗುರಿಯಿಟ್ಟಾಗ ನಾಯಿ ತಾನಾಗಿಯೇ ನೀರಿನೊಳಕ್ಕೆ ಓಡಿಬಂತು. ಮಗಳು ಕುಣಿದಳು.

"ಅಮ್ಮಾ, ಡಿಡ್ ಯೂ ಸೀ ದಟ್? ಈಗ ಅರ್ಥ ಆಯ್ತು!"

ನಾನು ನೋಡಿದ್ದೆ. ಅದು ನಾನು ಹತ್ತು ನಿಮಿಷದ ಹಿಂದೆ ಹೇಳಿದ್ದೇ ಆಗಿತ್ತು.

"ಮೇಡಂ ಚೆನ್ನಾಗಿ ಬರೆದಿದಾರಲ್ಲ, ಅದನ್ನೇ ತೋರ್ಸಿದೆ ಅಷ್ಟೆ," ಅಂದರು ಅಂಕಲ್. ಅದು ಸೌಜನ್ಯ ಎಂದುಕೊಂಡೆ. ಸೌಜನ್ಯವೂ ನನಗೆ ಹಿಡಿಸಲಿಲ್ಲ.

ಆಮೇಲೆ ಮಗಳ ಭಾನುವಾರಗಳು ಬದಲಾದವು. ಮೊದಲು ಮಧ್ಯಾಹ್ನ ನನಗೆ ಫೋನ್ ಮಾಡುತ್ತಿದ್ದಳು. ಈಗ ನಾನು ಮಾಡಿದರೆ ಬಿಜಿ. ಕೇಳಿದರೆ, "ಅಂಕಲ್ ಜೊತೆ ಇದ್ದೆ ಅಮ್ಮಾ, ಥೀಸಿಸ್ ಸ್ಟಫ್" ಎನ್ನುತ್ತಿದ್ದಳು. ಅವರು ಗಣಿಯಲ್ಲಿ ಕ್ರಷರ್ ರಿಪೇರಿ ಮಾಡಿದವರು. ಗನ್ನಿನ ಬಗ್ಗೆ ಒಂದು ಸಾಲು ಬರೆದವರಲ್ಲ. ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಜರ್ಮನಿ ಮೊದಲನೇ ಮಹಾಯುದ್ಧದ ಕೊನೆಯಲ್ಲಿ ಟ್ಯಾಂಕ್ ಮತ್ತು ವಿಮಾನ ಎರಡಕ್ಕೂ ಆಗುವ ಹದಿಮೂರು ಮಿಲಿಮೀಟರ್ ಗನ್ನಿಗೆ ಕೈಹಾಕಿದ್ದು, ಅಮೆರಿಕದವರು ಗನ್ನಿನ ಕೊಳವೆಯ ಸುತ್ತ ನೀರಿನ ಕವಚ ಹಾಕಿ, ಕೈಪಂಪಿನಿಂದ ನೀರು ಸುತ್ತಿಸಿ ಅದನ್ನು ತಣ್ಣಗಿಟ್ಟಿದ್ದು, ಫ್ರೆಂಚರು ನೀರೇ ಬೇಡವೆಂದು ಗಾಳಿಗೆ ಬಿಟ್ಟಿದ್ದು, ಅದೇ ಫ್ರೆಂಚ್ ಗನ್ನನ್ನು ಜಪಾನ್ ಪರವಾನಗಿ ಪಡೆದು ಮಾಡಿದ್ದು, ಎಲ್ಲವೂ ನನ್ನ ಬಳಿ ಇತ್ತು. ಮಗಳು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ನಾನೇ ಕೇಳಿದೆ ಒಂದು ದಿನ. "ಏನು ಮಾತಾಡ್ತೀರ ಅಷ್ಟು ಹೊತ್ತು?"

"ಹಿ ಟಾಕ್ಸ್. ಐ ಲಿಸನ್."

ಗಂಡನಿಗೆ ಇದು ತಮಾಷೆಯಾಗಿ ಕಂಡಿತು. "ಒಳ್ಳೇದಾಯ್ತಲ್ಲ, ನಿನಗೆ ಫ್ರೀ ಟೈಮ್ ಸಿಕ್ತು. ಪುಸ್ತಕ ಮುಗಿಸು."

"ನಿಮ್ಮ ಸೀನಿಯರ್‌ಗೆ ಮನೇಲಿ ಬೇರೆ ಕೆಲಸ ಇಲ್ವಾ?"

"ನಾಯಿ ಇದೆಯಲ್ಲ," ಅಂದರು.

ಮಗಳು ತನ್ನ ವಿಭಾಗದ ಮುಂದೆ ಸಂಶೋಧನೆಯ ವಾದವನ್ನು ಮಂಡಿಸುವ ದಿನ ಬಂತು. ಪರೀಕ್ಷಕರು ಒಪ್ಪಿದರೆ ಮಾತ್ರ ಪ್ರಬಂಧ ಮುಂದುವರಿಯುತ್ತದೆ. ಇಲ್ಲವಾದರೆ ವಿಷಯ ಬದಲಿಸಬೇಕು. ನಾನು ವಿಮಾನ ಹತ್ತಿ ಬ್ರಿಸ್ಬೇನಿಗೆ ಹೋದೆ. ಹಿಂದಿನ ದಿನ ಕ್ಯಾಂಪಸ್ಸಿನ ಒಂದು ಖಾಲಿ ಕೋಣೆಯಲ್ಲಿ ರಿಹರ್ಸಲ್ ಮಾಡುತ್ತೇನೆ, ಬಾ ಎಂದಿದ್ದಳು. ಬಾಗಿಲು ತೆಗೆದರೆ ಮೊದಲ ಸಾಲಿನಲ್ಲಿ ಪರ್ತ್ ಅಂಕಲ್ ಕುಳಿತಿದ್ದರು. ಅವರ ನಾದಿನಿಯ ಮನೆ ಬ್ರಿಸ್ಬೇನಿನಲ್ಲಿದೆ, ನೋಡಲು ಬಂದಿದ್ದರಂತೆ.

"ಬನ್ನಿ ಮೇಡಂ, ಸೀಟ್ ಹಿಡಿದಿಟ್ಟಿದೀನಿ," ಎಂದು ಪಕ್ಕದ ಕುರ್ಚಿಯ ಮೇಲಿಂದ ಚೀಲ ಎತ್ತಿದರು. ನನ್ನ ಮಗಳ ಮಾತು ಕೇಳಲು ಅವರು ನನಗೆ ಜಾಗ ಕೊಡುತ್ತಿದ್ದರು.

ಮಗಳು ಚೆನ್ನಾಗಿ ಶುರು ಮಾಡಿದಳು. ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇದು: 1930ರ ದಶಕದಲ್ಲಿ ಬ್ರಿಟಿಷರು ಹಡಗುಗಳಿಗಾಗಿ ನಾಲ್ಕು ಕೊಳವೆಯ ಭಾರೀ ಮಷಿನ್ ಗನ್ನನ್ನು ಮಾಡಿದರು. ಅದು ಆಸ್ಟ್ರೇಲಿಯಾದ ಯುದ್ಧನೌಕೆಗಳಿಗೂ ಬಂತು. ನಾಲ್ಕೂ ಕೊಳವೆಗಳನ್ನು ಒಂದೇ ಬಿಂದುವಿಗೆ ಕೂಡಿಸಿರಲಿಲ್ಲ, ಬೇಕೆಂದೇ ಸ್ವಲ್ಪ ಸ್ವಲ್ಪ ಬೇರೆ ಕಡೆಗೆ ತಿರುಗಿಸಿದ್ದರು. ಗುರಿ ಅಷ್ಟಿಷ್ಟು ತಪ್ಪಿದರೂ ಯಾವುದಾದರೊಂದು ತಗುಲಲಿ ಎಂದು. ಇಲ್ಲಿಯವರೆಗೆ ಎಲ್ಲ ಸರಿಯಿತ್ತು.

ಮುಂದಿನ ಸ್ಲೈಡಿನಲ್ಲಿ ಮೂರು ಗನ್ನುಗಳ ಚಿತ್ರವಿತ್ತು. ಬ್ರಿಟನ್, ಅಮೆರಿಕ, ಸೋವಿಯತ್. ಮೂರರ ಕೆಳಗೂ ಒಂದೇ ಅಂಕಿ: 12.7 ಮಿ.ಮೀ.

"ಮೂರೂ ಒಂದೇ ಗುಂಡು," ಎಂದಳು, ಇಂಗ್ಲಿಷಿನಲ್ಲೇ. "ಆದರೂ ಒಬ್ಬರ ಗುಂಡನ್ನು ಇನ್ನೊಬ್ಬರು ಹಂಚಿಕೊಳ್ಳಲಿಲ್ಲ. ಇದಕ್ಕೆ ಕಾರಣ ತಂತ್ರಜ್ಞಾನ ಅಲ್ಲ, ಅಹಂಕಾರ. ಅದೇ ನನ್ನ ವಾದ."

ನನ್ನ ಕಣ್ಣು ಆ ಅಂಕಿಯ ಮೇಲೆ ನಿಂತಿತು. ಆ ಕಾಲದ ಬ್ರಿಟಿಷ್ ಗನ್ನನ್ನು ಇಂಗ್ಲಿಷಿನಲ್ಲಿ ಬರೆಯುವವರು ಅರ್ಧ ಇಂಚು ಎಂದೇ ಬರೆಯುತ್ತಾರೆ. ಅದನ್ನು 12.7 ಎಂದು ಮಾಡುವುದು ನಮ್ಮ ಡೆಸ್ಕಿನ ಪದ್ಧತಿ. ಇಂಚು, ಅಡಿ, ಪೌಂಡು ಏನು ಬಂದರೂ ಮೆಟ್ರಿಕ್‌ಗೆ ತಿರುಗಿಸಬೇಕು, ಒಂದು ವಾಕ್ಯದಲ್ಲಿ ಒಂದಕ್ಕಿಂತ ಹೆಚ್ಚು ಅಳತೆಯ ಅಂಕಿ ಇರಬಾರದು. ಪತ್ರಿಕೆ ಬಿಟ್ಟ ಮೇಲೂ, ಪುಸ್ತಕದ ಮೊದಲ ವಾಕ್ಯವೊಂದರ ಹೊರತು, ನಾನು ಹಾಗೇ ಬರೆಯುತ್ತೇನೆ. ಎರಡನೇ ಅಧ್ಯಾಯದಲ್ಲಿ ಮೂರೂ ದೇಶಗಳ ಗನ್ನಿಗೆ 12.7 ಎಂದು ಬರೆದವಳು ನಾನು. ಅದು ಅಚ್ಚಾಗಿರಲಿಲ್ಲ. ಕನ್ನಡದಲ್ಲಿತ್ತು. ಮಗಳಿಗೆ ಕನ್ನಡ ಓದಲು ಬಾರದು.

"ಇದು ನಿನಗೆ ಎಲ್ಲಿಂದ ಬಂತು?" ಎಂದು ಕೇಳಿದೆ.

ಮಗಳು ಅಂಕಲ್ ಕಡೆ ನೋಡಿದಳು. ಅಂಕಲ್ ಕೈ ಎತ್ತಿದರು, ತರಗತಿಯಲ್ಲಿ ಎತ್ತುವ ಹಾಗೆ.

"ನಾನೇ ಓದಿದ್ದು ಮೇಡಂ. ನಿಮ್ಮದೇ ಎರಡನೇ ಚಾಪ್ಟರ್. ಭಾನುವಾರ ಫೋನಲ್ಲಿ ಓದಿ ಹೇಳ್ತೀನಿ, ಇವಳು ಕೇಳಿಸ್ಕೋತಾಳೆ. ಮೊದಲನೇದು ಎರಡು ಸಲ ಓದಿದ್ವಿ."

ಅವರು ತೆರೆದೇ ನೋಡುವುದಿಲ್ಲ ಎಂದುಕೊಂಡಿದ್ದ ನನ್ನ ಪುಟಗಳು ವಾರವಾರವೂ ಪರ್ತಿನಿಂದ ಬ್ರಿಸ್ಬೇನಿಗೆ ಹೋಗುತ್ತಿದ್ದವು, ಅವರ ದನಿಯಲ್ಲಿ. ಇಷ್ಟು ದಿನ ಅವರಿಗೆ ಗೊತ್ತಿರುವುದನ್ನು ಮಗಳು ಕೇಳುತ್ತಿದ್ದಾಳೆ ಎಂದು ಉರಿದಿದ್ದೆ. ಅವಳು ಕೇಳುತ್ತಿದ್ದದ್ದು ನಾನು ಬರೆದದ್ದನ್ನೇ. ಉರಿ ತಣಿಯಬೇಕಿತ್ತು. ಹೆಚ್ಚಾಯಿತು.

ಆದರೆ ಕೋಣೆಯಲ್ಲಿ ಆಗ ಮುಖ್ಯವಾಗಿದ್ದದ್ದು ಸ್ಲೈಡು. ಮರುದಿನ ಬೆಳಗ್ಗೆ ಇದು ಪರೀಕ್ಷಕರ ಮುಂದೆ ಹೋಗುವುದಿತ್ತು.

"ಒಂದೇ ಗುಂಡಲ್ಲ," ಎಂದೆ. "ಗುಂಡಿನ ದಪ್ಪ ಸರಿಸುಮಾರು ಒಂದೇ. ಮದ್ದು ತುಂಬುವ ಹಿತ್ತಾಳೆ ತೋಟಾ ಬೇರೆ ಬೇರೆ ಉದ್ದ. ಬ್ರಿಟಿಷರದು 81 ಮಿಲಿಮೀಟರ್, ಅಮೆರಿಕದ್ದು 99, ಸೋವಿಯತ್‌ನದು 108. ಒಬ್ಬರದು ಇನ್ನೊಬ್ಬರ ಗನ್ನಿಗೆ ಕೂರಲ್ಲ."

"ಸೋ ಇಟ್ಸ್ ರಾಂಗ್?"

"12.7 ತಪ್ಪಲ್ಲ. ಸಾಲದು."

"ಅಮ್ಮಾ, ನನ್ನ ಇಡೀ ಆರ್ಗ್ಯುಮೆಂಟ್ ಇದರ ಮೇಲೆ ನಿಂತಿದೆ!" ಇದನ್ನು ಕನ್ನಡದಲ್ಲಿ ಹೇಳಿದಳು. ಸಿಟ್ಟಿತ್ತು. "ನೀನು ಯಾಕೆ ಅದನ್ನ ಬರೀಲಿಲ್ಲ?"

"ಒಂದು ವಾಕ್ಯಕ್ಕೆ ಒಂದೇ ಅಂಕಿ."

"ಯಾರು ಮಾಡಿದ್ದು ಆ ರೂಲ್?"

"ನೀನು ನನ್ನನ್ನೇ ಕೇಳಿದ್ದಿದ್ರೆ ಹೇಳ್ತಿದ್ದೆ. ಓದಿ ಹೇಳೋಕೆ ನಾನಿರಲಿಲ್ವಾ? ಪರ್ತ್‌ವರೆಗೂ ಯಾಕೆ ಹೋದೆ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಯಾಕಂದ್ರೆ ನೀನು ಓದಲ್ಲ ಅಮ್ಮಾ. ಎಡಿಟ್ ಮಾಡ್ತೀಯ. ಎರಡು ಲೈನ್ ಓದಿ ನಿಲ್ಲಿಸ್ತೀಯ, 'ಇರು, ಇದು ಸರಿಯಿಲ್ಲ' ಅಂತೀಯ, ಮತ್ತೆ ಮೊದಲಿಂದ. ಒಂದು ಪೇಜ್ ಮುಗಿದಿದ್ದೇ ಇಲ್ಲ ಎವರ್. ಅಂಕಲ್ ಜಸ್ಟ್ ಓದ್ತಾರೆ."

ಅಂಕಲ್ ಚೀಲದ ಜಿಪ್ಪನ್ನು ನೋಡುತ್ತಿದ್ದರು.

ಅವಳು ಹೇಳಿದ್ದು ನಿಜ. ಅವಳು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮೊದಲ ಅಧ್ಯಾಯ ಓದಿ ಹೇಳಲು ಕೂತಿದ್ದೆವು. ಎರಡನೇ ಪ್ಯಾರಾದಲ್ಲಿ ಪೆನ್ನು ತೆಗೆದಿದ್ದೆ.

ರಿಹರ್ಸಲ್ ಅಲ್ಲಿಗೇ ಬಿಟ್ಟು ಮೂವರೂ ಕ್ಯಾಂಪಸ್ಸಿನ ಫೆರ್ರಿ ನಿಲ್ದಾಣದ ಹತ್ತಿರ ಬಯಲಿನಲ್ಲಿ ಮೇಜು ಹಾಕಿದ ಕೆಫೆಯೊಂದರಲ್ಲಿ ಕೂತೆವು. ಅಂಕಲ್ ಒಂದು ತಟ್ಟೆ ಚಿಪ್ಸ್ ತರಿಸಿದರು, ಇಲ್ಲಿನ ದಪ್ಪ ಆಲೂಗಡ್ಡೆ ಚಿಪ್ಸ್. ತಟ್ಟೆಯಲ್ಲಿ ಹುಡುಕಿ ಮೂರನ್ನು ಆರಿಸಿ ಮಗಳ ಮುಂದೆ ಸಾಲಾಗಿ ಇಟ್ಟರು.

"ಮೇಡಂ ಹೇಳಿದ್ದು ಇದೇ ಅಲ್ವಾ? ಮೂರೂ ಒಂದೇ ದಪ್ಪ. ಗಿಡ್ಡದ್ದು ಬ್ರಿಟಿಷರು, ಇದು ಅಮೆರಿಕ, ಇದು ರಷ್ಯಾ." ಉಪ್ಪಿನ ಪುಟ್ಟ ಡಬ್ಬಿ ಖಾಲಿ ಮಾಡಿ ಅದರಲ್ಲಿ ಗಿಡ್ಡ ಚಿಪ್ಸ್ ನಿಲ್ಲಿಸಿದರು. "ಇದು ಬ್ರಿಟಿಷ್ ಗನ್ನಿನ ಮನೆ. ಈಗ ಅಮೆರಿಕದ್ದು ಹಾಕು. ಹಾಕಿದ್ಯಾ? ಮುಚ್ಚಳ ಹಾಕು ನೋಡಣ."

ಮುಚ್ಚಳ ಕೂರಲಿಲ್ಲ. ಮಗಳು ತುಟಿ ಬಿಗಿಹಿಡಿದಿದ್ದಳು, ಆದರೂ ನಗು ಬಂತು. ಅಷ್ಟರಲ್ಲಿ ಕಸದ ಡಬ್ಬಿ ಕೆದಕುವುದರಿಂದ ಇಲ್ಲಿನವರು ಬಿನ್ ಚಿಕನ್ ಎಂದು ಕರೆಯುವ ಉದ್ದ ಕೊಕ್ಕಿನ ಐಬಿಸ್ ಹಕ್ಕಿಯೊಂದು ಮೇಜಿಗೆ ಬಂದು ರಷ್ಯಾದ ಚಿಪ್ಸನ್ನು ಎತ್ತಿಕೊಂಡು ಹೋಯಿತು.

"ಬಿನ್ ಚಿಕನ್ ಹ್ಯಾಸ್ ಸೋವಿಯತ್ ಅಮ್ಯೂನಿಷನ್!" ಎಂದು ಮಗಳು ಕಿರುಚಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಮೂರು ಅಂಕಿಗಳನ್ನು ಕೊಟ್ಟವಳು ನಾನು. ಅವಳು ನಕ್ಕಿದ್ದು ಚಿಪ್ಸಿಗೆ. ನಾನು ಕಾಫಿ ಕುಡಿದೆ, ತಣ್ಣಗಾಗಿತ್ತು.

ಆ ಸಂಜೆ ಅವಳು ವಾದವನ್ನು ಹೊಸದಾಗಿ ಕಟ್ಟಿದಳು. ಒಂದೇ ಗುಂಡಿದ್ದೂ ಹಂಚಿಕೊಳ್ಳಲಿಲ್ಲ ಎಂಬುದನ್ನು ಬಿಟ್ಟಳು. ಒಂದೇ ಶತ್ರುವನ್ನು, ಆಕಾಶದಿಂದ ಬರುವ ವಿಮಾನವನ್ನು, ಎದುರಿಸಲು ಹೊರಟವರು ಮೂರು ಬೇರೆ ಉದ್ದಗಳಿಗೆ ಯಾಕೆ ಬಂದರು ಎಂದು ಕೇಳಿದಳು. ಬ್ರಿಟಿಷರು ಹಡಗಿನ ಮೇಲೆ, ಹತ್ತಿರದಿಂದ, ಒಮ್ಮೆಗೇ ಹೆಚ್ಚು ಗುಂಡು ಸುರಿಯುವ ಲೆಕ್ಕದಲ್ಲಿದ್ದರು. ಅಮೆರಿಕದವರಿಗೆ ದೂರ ಮತ್ತು ವೇಗ ಬೇಕಿತ್ತು. ಗಿಡ್ಡ ತೋಟಾದ ಬ್ರಿಟಿಷ್ ಗನ್ನು ಎರಡನೇ ಮಹಾಯುದ್ಧದಲ್ಲಿ ಸಾಲದೆ ಹೋಯಿತು, ಅದರ ಜಾಗಕ್ಕೆ ಸಿಡಿಯುವ ಗುಂಡಿನ ಇಪ್ಪತ್ತು ಮಿಲಿಮೀಟರ್ ಫಿರಂಗಿಗಳು ಬಂದವು. ಇದು ಮೊದಲಿನದಕ್ಕಿಂತ ಗಟ್ಟಿ ವಾದ. ಅಂಕಿಗಳನ್ನು ಒಂದೊಂದಾಗಿ ನನ್ನ ಹತ್ತಿರ ಪರೀಕ್ಷಿಸಿಕೊಂಡಳು. ಆ ಎರಡು ಗಂಟೆ ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು. ಅಂಕಲ್ ನಾದಿನಿಯ ಮನೆಗೆ ಹೋಗಿದ್ದರು.

ಮರುದಿನ ಪರೀಕ್ಷಕರಲ್ಲಿ ಒಬ್ಬರು, ಬೆಳ್ಳಿ ಕೂದಲಿನ ಮಹಿಳೆ, ಟ್ರೇಸರ್ ಇದ್ದೂ ಗುರಿ ಯಾಕೆ ತಪ್ಪುತ್ತಿತ್ತು ಎಂದು ಕೇಳಿದರು. ಮಗಳು ಪರ್ತಿನ ಹಿತ್ತಲಿನ ಹೋಸ್, ನಾಯಿ, ಅಪ್ಪನ ಒದ್ದೆ ಅಂಗಿ ಎಲ್ಲವನ್ನೂ ಹೇಳಿದಳು. ಕೋಣೆ ನಕ್ಕಿತು. ತೋಟಾದ ಉದ್ದಗಳ ಸ್ಲೈಡು ಬಂದಾಗ ಯಾರೂ ನಗಲಿಲ್ಲ. ತಲೆ ಬಗ್ಗಿಸಿ ಬರೆದುಕೊಂಡರು. ಕೊನೆಯಲ್ಲಿ ವಂದನೆ ಹೇಳುವಾಗ ಅವಳು, ಈ ವಿಷಯದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯುತ್ತಿರುವ ತನ್ನ ತಾಯಿಗೆ, ಅದನ್ನು ತನಗೆ ಕೇಳಿಸಿದ ಅಂಕಲ್‌ಗೆ, ಎಂದಳು. ಅಂಕಲ್ ಕಣ್ಣೊರೆಸಿಕೊಂಡರು. ನಾನು ಅವರ ಕಡೆ ನೋಡಲಿಲ್ಲ.

ಪರೀಕ್ಷಕರು ಒಪ್ಪಿಗೆ ಕೊಟ್ಟರು.

ವಿಮಾನ ನಿಲ್ದಾಣಕ್ಕೆ ಬಿಡಲು ಬಂದಾಗ ಮಗಳಿಗೆ ಹೇಳಿದೆ: "ಇನ್ನು ಮುಂದೆ ನಾನೇ ಓದ್ತೀನಿ. ನಿಲ್ಲಿಸಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಮುಂದಿನ ಭಾನುವಾರ ಫೋನಿನಲ್ಲಿ ಮೂರನೇ ಅಧ್ಯಾಯ ಶುರು ಮಾಡಿದೆ. ಮೊದಲ ಪುಟ ಮುಗಿಸಿದೆ. ಎರಡನೇ ಪುಟದಲ್ಲಿ 'ಗನ್ನಿನ' ಎಂಬ ಪದ ಒಂದೇ ವಾಕ್ಯದಲ್ಲಿ ಎರಡು ಸಲ ಬಂದಿತ್ತು.

ಮಗಳು ಕಾಯುತ್ತಿದ್ದಳು. ಆಮೇಲೆ ಮೆತ್ತಗೆ ಕೇಳಿದಳು. "ಅಮ್ಮಾ, ಪೆನ್ ತಗೊಂಡ್ಯಾ?"

ಪೆನ್ನಿನ ಮುಚ್ಚಳ ಹಾಕಿದ ಸದ್ದು ಅವಳಿಗೂ ಕೇಳಿಸಿತು.

"ಇಟ್ಸ್ ಓಕೆ ಅಮ್ಮಾ. ಒಂದು ಕೆಲಸ ಮಾಡಣ. ಅಂಕಲ್ ಓದ್ಲಿ. ನೀನೂ ಜಾಯಿನ್ ಆಗು, ಮೂರು ಜನ. ಬಟ್ ನೀನು ಮ್ಯೂಟ್. ಕೊನೇಲಿ ಎಲ್ಲ ಕರೆಕ್ಷನ್ ಹೇಳು. ನಾನು ಬರ್ಕೋತೀನಿ."

"ಅವರು ಓದಬೇಕು, ನಾನು ಬರೆದದ್ದನ್ನ ನಾನೇ ಮ್ಯೂಟಲ್ಲಿ ಕೇಳಬೇಕು?"

"ಯೆಸ್."

ಕಳೆದ ಭಾನುವಾರ ಪರ್ತ್ ಅಂಕಲ್ ನಾಲ್ಕನೇ ಅಧ್ಯಾಯ ಓದಿದರು. ಮೂವತ್ತು ಗುಂಡಿನ ಡ್ರಮ್ ಹೊತ್ತ ಸೋವಿಯತ್ ಗನ್ನಿಗೆ 1938ರಲ್ಲಿ ಇನ್ನೊಬ್ಬ ವಿನ್ಯಾಸಕ ಗುಂಡಿನ ಪಟ್ಟಿ ಎಳೆದುಕೊಳ್ಳುವ ಹೊಸ ಭಾಗವನ್ನು ಸೇರಿಸಿದ್ದು, ಆಮೇಲೆಯೇ ಅದು ದೊಡ್ಡ ಪ್ರಮಾಣದಲ್ಲಿ ಸೈನ್ಯಕ್ಕೆ ಹೋದದ್ದು ಆ ಅಧ್ಯಾಯದ ವಿಷಯ. ಮಗಳು ಎರಡು ಪ್ರಶ್ನೆ ಕೇಳಿದಳು. ಎರಡಕ್ಕೂ ಅಂಕಲ್, "ಅದನ್ನ ಮೇಡಂ ಹೇಳ್ಬೇಕು" ಅಂದರು. ಓದು ಕೊನೆಯವರೆಗೆ ಮುಗಿಯಿತು. ಅಲ್ಲಿಯವರೆಗೂ ನನ್ನ ಮೈಕ್ ಮ್ಯೂಟಿನಲ್ಲಿತ್ತು.